ಒಂಬತ್ತನೇ ತಿಂಗಳ ಕೂಲಿ

ಕಲಬುರಗಿಯ ರೋಜಾ ಬಡಾವಣೆಯ ಗಲ್ಲಿಗಳ ಮುಸ್ಲಿಂ ಮನೆಗಳಲ್ಲಿ ಬಸುರಿಗೆ ಏಳು ತಿಂಗಳು ತುಂಬಿದಾಗ ಸತವಾಸಾ ಎಂಬ ಶಾಸ್ತ್ರ ಮಾಡುತ್ತಾರೆ. ಕಮಲಾಪುರದ ಕಡೆ ಹಳ್ಳಿಗಳಲ್ಲಿ ಕುಬಸ ಮಾಡುತ್ತಾರೆ: ಹಸಿರು ಸೀರೆ, ಕೈತುಂಬ ಹಸಿರು ಬಳೆ, ಉಡಿ ತುಂಬುವುದು, ತವರಿನಿಂದ ಬಂದ ಬುತ್ತಿ. ಹೆರಿಗೆಯಾದ ಮೇಲೆ ಒಂದು ಕಡೆ ಚಿಲ್ಲಾದ ನಲವತ್ತು ದಿನ, ಇನ್ನೊಂದು ಕಡೆ ಬಾಣಂತನ. ಮನೆಮಾತು ಬೇರೆ, ದೇವರ ಹೆಸರು ಬೇರೆ, ಆದರೆ ಹೆತ್ತವಳನ್ನು ನಲವತ್ತು ದಿನ ಕೆಲಸಕ್ಕೆ ಹಚ್ಚಬಾರದು ಎಂಬುದರಲ್ಲಿ ಎರಡೂ ಕಡೆಯ ಮುತ್ತಜ್ಜಿಯರು ಒಂದೇ ಮಾತಿನವರು. 1961ರ ಹೆರಿಗೆ ಸೌಲಭ್ಯ ಕಾಯ್ದೆಯೂ ಹೆರಿಗೆಯ ನಂತರದ ಆರು ವಾರ ಯಾವ ಮಾಲೀಕನೂ ಆಕೆಯಿಂದ ದುಡಿಸಿಕೊಳ್ಳಕೂಡದು ಎಂದಿತು. ಆರು ವಾರವೆಂದರೆ ನಲವತ್ತೆರಡು ದಿನ. ಅಜ್ಜಿಯರ ಲೆಕ್ಕಕ್ಕೂ ಸಂಸತ್ತಿನ ಲೆಕ್ಕಕ್ಕೂ ಇರುವ ವ್ಯತ್ಯಾಸ ಬರೀ ಎರಡು ದಿನ. ಆದರೆ ಕುಬಸದ ಊಟ ಮುಗಿದ ಮರುದಿನದಿಂದ ಬೇನೆ ಬರುವ ದಿನದವರೆಗಿನ ಅವಧಿ ಇದೆಯಲ್ಲ, ಅದನ್ನು ಸಂಪ್ರದಾಯ, ಕಾಯ್ದೆ, ಸರ್ಕಾರದ ಯೋಜನೆ ಯಾವುದೂ ಸರಿಯಾಗಿ ಕೈಗೆತ್ತಿಕೊಂಡಿಲ್ಲ. ಹೆರಿಗೆ ರಜೆ ಹೆರಿಗೆಗೆ ಮುಂಚೆಯೇ ಶುರುವಾಗಬೇಕು, ಆ ದಿನಗಳ ಕೂಲಿ ಆ ದಿನಗಳಲ್ಲಿಯೇ ಕೈಗೆ ಬರಬೇಕು, ಅದನ್ನು ಕೊಡುವ ಹೊಣೆ ಒಬ್ಬ ಮಾಲೀಕನದಾಗದೆ ಸಮಾಜದ್ದಾಗಬೇಕು ಎಂಬುದು ಇವತ್ತಿನ ನನ್ನ ವಾದ.

ಮೊದಲು ದೇಹದ ಮಾತು. ಮೂವತ್ತೆರಡನೇ ವಾರದಲ್ಲಿ ಹೊಟ್ಟೆಯೊಳಗಿನ ಕೂಸು ಸುಮಾರು ಒಂದೂಮುಕ್ಕಾಲು ಕಿಲೋ ತೂಗುತ್ತದೆ. ದಿನ ತುಂಬುವ ಹೊತ್ತಿಗೆ ಅದು ಮೂರು ಕಿಲೋದ ಹತ್ತಿರ ಬರಬೇಕು. ಅಂದರೆ ಒಂಬತ್ತು ತಿಂಗಳ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕೊನೆಯ ಎಂಟು ವಾರದಲ್ಲೇ ಕೂಡಿಕೊಳ್ಳುತ್ತದೆ. ಹುಟ್ಟಿದ ಮೇಲೆ ಮೊದಲ ತಿಂಗಳುಗಳಲ್ಲಿ ಕೂಸಿಗೆ ಬೇಕಾಗುವ ಕಬ್ಬಿಣಾಂಶವೂ ಬಹುಪಾಲು ಈ ಕೊನೆಯ ಮೂರು ತಿಂಗಳಲ್ಲೇ ತಾಯಿಯ ರಕ್ತದಿಂದ ಅದರ ಪಾಲಿಗೆ ಹೋಗುತ್ತದೆ. ತಾಯಿಯ ಮೈಯಲ್ಲಿ ಹರಿಯುವ ರಕ್ತದ ಪ್ರಮಾಣ ಸುಮಾರು ಶೇಕಡ 40ರಿಂದ 50ರಷ್ಟು ಏರಿರುತ್ತದೆ, ಹೃದಯ ಕೂತಲ್ಲಿಯೂ ಹೆಚ್ಚು ದುಡಿಯುತ್ತಿರುತ್ತದೆ. ಇಂಥ ಹೊತ್ತಿನಲ್ಲಿ ರಕ್ತವೇ ತೆಳುವಾಗಿದ್ದರೆ? ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇಕಡ 52 ಮಂದಿಗೆ, ಕರ್ನಾಟಕದಲ್ಲಿ ಶೇಕಡ 45ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದೇ ಸಮೀಕ್ಷೆ ಹೇಳುವಂತೆ ತೂಕ ಮಾಡಿಸಿಕೊಂಡ ಕೂಸುಗಳಲ್ಲಿ ನೂರಕ್ಕೆ ಹದಿನೆಂಟು ಎರಡೂವರೆ ಕಿಲೋಗಿಂತ ಕಡಿಮೆ ಇದ್ದವು. ಕಬ್ಬಿಣದ ಗುಳಿಗೆ ಕೊಟ್ಟೆವು, ಅಂಗನವಾಡಿಯಲ್ಲಿ ಮಾತೃಪೂರ್ಣದ ಬಿಸಿಯೂಟ ಮತ್ತು ಮೊಟ್ಟೆ ಕೊಟ್ಟೆವು ಎಂದು ನಾವು ಹೇಳಬಹುದು. ಅವೆಲ್ಲ ಬೇಕಾದವೇ. ಆದರೆ ತಟ್ಟೆಗೆ ಬಂದ ಅನ್ನ ಕೂಸಿನ ಮೈಗೆ ಹೋಗಬೇಕಾದರೆ ತಾಯಿ ಅದನ್ನು ಬಿಸಿಲಲ್ಲಿ ಬೆವರಾಗಿ ಸುರಿಸಬಾರದು. ಅಂಗನವಾಡಿಗೆ ಬಂದು ಕೂತು ಉಣ್ಣಬೇಕು ಎಂಬ ನಿಯಮವಿದ್ದಾಗ, ಬೆಳಿಗ್ಗೆಯೇ ಕೂಲಿಗೆ ಹೋದವಳು ಆ ಊಟಕ್ಕೆ ಬರುವುದಾದರೂ ಹೇಗೆ?

ಇನ್ನು ಕೆಲಸದ ಮಾತು. ಕಲಬುರಗಿ ತೊಗರಿಯ ಕಣಜ, ಇಲ್ಲಿಯ ತೊಗರಿಬೇಳೆಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಡಿಸೆಂಬರ್–ಜನವರಿಯ ಕಟಾವಿನಲ್ಲಿ ಹೆಣ್ಣಾಳು ಏನು ಮಾಡುತ್ತಾಳೆ ನೋಡಿ. ಒಣಗಿ ನಿಂತ ತೊಗರಿ ಗಿಡದ ಕಾಂಡ ಕಟ್ಟಿಗೆಯಷ್ಟು ಗಡುಸು. ಅದನ್ನು ಬುಡದಲ್ಲಿ ಹಿಡಿದು, ಕುಡುಗೋಲು ಹಚ್ಚಿ ಮೈಯ ಭಾರವೆಲ್ಲ ಹಾಕಿ ಎಳೆಯಬೇಕು. ಹೊಟ್ಟೆ ಮುಂದೆ ಬಂದವಳಿಗೆ ಸೊಂಟದಿಂದ ಬಗ್ಗುವುದಾಗುವುದಿಲ್ಲ. ಕಾಲು ಅಗಲಿಸಿ, ಅರ್ಧ ಕುಕ್ಕರಗಾಲಲ್ಲಿ ಕೂತು, ಒಂದು ಹೆಜ್ಜೆಗೊಮ್ಮೆ ಎದ್ದು ಮತ್ತೆ ಕೂಡುತ್ತಾಳೆ. ಕೊಯ್ದದ್ದನ್ನು ಸಿವುಡು ಕಟ್ಟಿ ತಲೆಯ ಮೇಲೆ ಹೊತ್ತು ರಾಶಿಯ ಜಾಗಕ್ಕೆ ಒಯ್ಯಬೇಕು. ಯಂತ್ರಗಳು ಬಂದಿವೆ ನಿಜ, ಆದರೆ ಸಣ್ಣ ಹಿಡುವಳಿಯ ಎಲ್ಲ ಹೊಲಕ್ಕೂ ಅವು ಇಳಿಯುವುದಿಲ್ಲ. ಕಮಲಾಪುರ ತಾಲ್ಲೂಕಿನ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರಿಗೆ ಗುಳೆ ಹೋದವರ ಕೆಲಸ ಕಲ್ಲು, ಮರಳು, ಸಿಮೆಂಟಿನದು. ನಗರದಲ್ಲೇ ಉಳಿದವರ ಕಥೆಯೂ ಸುಲಭದ್ದಲ್ಲ. ರೋಜಾದಂಥ ಹಳೆಯ ಬಡಾವಣೆಗಳ ಮನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ದಿನಗಟ್ಟಲೆ ಬಾಗಿ ಕೂತವರಿದ್ದಾರೆ. ಈಚೆಗೆ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಸ್ವಸಹಾಯ ಸಂಘಗಳ ಜೋಳದ ರೊಟ್ಟಿಗೆ ಮಾರುಕಟ್ಟೆ ಒದಗಿದೆ, ಸಂತೋಷ. ಆದರೆ ನಲವತ್ತು ಡಿಗ್ರಿ ದಾಟುವ ಏಪ್ರಿಲ್–ಮೇ ತಿಂಗಳ ಕಲಬುರಗಿಯಲ್ಲಿ ಉರಿಯುವ ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುವುದು ತುಂಬು ಬಸುರಿಯ ಕೆಲಸವಲ್ಲ ಎಂದು ಹೇಳಲು ವೈದ್ಯರೇ ಬೇಕಾಗಿಲ್ಲ.

ಈ ಹೆಣ್ಣುಮಕ್ಕಳಲ್ಲಿ ಯಾರಿಗೆ ಹೆರಿಗೆ ರಜೆ ಇದೆ? ಕಾಯ್ದೆಯನ್ನು ಒಮ್ಮೆ ತೆರೆದು ನೋಡೋಣ. 1961ರಲ್ಲಿ 12 ವಾರ ಇದ್ದ ವೇತನಸಹಿತ ರಜೆ 2017ರ ತಿದ್ದುಪಡಿಯಿಂದ 26 ವಾರವಾಯಿತು. ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಕೊನೆಯ ವಾರಗಳಲ್ಲಿ, ಆಕೆ ಕೇಳಿಕೊಂಡರೆ, ಭಾರದ ಕೆಲಸವನ್ನಾಗಲೀ ಬಹಳ ಹೊತ್ತು ನಿಲ್ಲುವ ಕೆಲಸವನ್ನಾಗಲೀ ಕೊಡಕೂಡದು ಎಂಬ ಕಲಮು ಮೊದಲಿನಿಂದಲೂ ಇದೆ. ಈ ಅಂಶಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಕಾಗದದ ಮೇಲೆ ನಮ್ಮದು ಜಗತ್ತಿನ ಉದಾರ ಕಾಯ್ದೆಗಳಲ್ಲಿ ಒಂದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಒಡಂಬಡಿಕೆ ಕೇಳುವುದು 14 ವಾರ ಮಾತ್ರ. ಆದರೆ ಈ ಕಾಯ್ದೆಯ ಕಣ್ಣ ಮುಂದೆ ಇರುವವಳು ಹಾಜರಿ ಪುಸ್ತಕದಲ್ಲಿ ಹೆಸರಿರುವ ಹೆಣ್ಣು. ಅಂಗಡಿಯಾದರೆ ಹತ್ತು ಮಂದಿ ನೌಕರರಿರಬೇಕು, ಹಿಂದಿನ ಒಂದು ವರ್ಷದಲ್ಲಿ 80 ದಿನ ದುಡಿದಿರಬೇಕು, ಎಲ್ಲಕ್ಕಿಂತ ಮೊದಲು ಒಬ್ಬ ಮಾಲೀಕ ಇರಬೇಕು. ತೊಗರಿ ಕೊಯ್ಯುವವಳಿಗೆ ಇವತ್ತು ಒಬ್ಬ ರೈತ, ನಾಳೆ ಇನ್ನೊಬ್ಬ. ರೊಟ್ಟಿ ಬಡಿಯುವ ಸಂಘದ ಸದಸ್ಯೆಗೆ ಮಾಲೀಕನೇ ಇಲ್ಲ. ಬಸುರಿಯರ ಹೆಸರು ಬರೆದುಕೊಂಡು, ಅವರನ್ನು ಆಸ್ಪತ್ರೆಗೆ ಕರೆದೊಯ್ಯುವ ಆಶಾ ಕಾರ್ಯಕರ್ತೆಯೇ ಪ್ರೋತ್ಸಾಹಧನದ ಮೇಲೆ ದುಡಿಯುವವಳು, ಸರ್ಕಾರಿ ನೌಕರಳು ಎನಿಸಿಕೊಳ್ಳದವಳು. ಇದಕ್ಕಿಂತ ಕಹಿಯಾದ ತಮಾಷೆ ಇನ್ನೇನು ಬೇಕು? ನ್ಯಾಯಾಲಯಗಳು ಬಾಗಿಲನ್ನು ಸ್ವಲ್ಪ ಸ್ವಲ್ಪವೇ ತೆರೆದಿವೆ. ದೆಹಲಿ ಮಹಾನಗರಪಾಲಿಕೆಯ ರಸ್ತೆ ಅಗೆಯುವ ದಿನಗೂಲಿ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿತು. ಗುತ್ತಿಗೆಯ ಅವಧಿ ನಡುವೆ ಮುಗಿದರೂ ಸೌಲಭ್ಯ ನಿಲ್ಲಬಾರದು ಎಂದು 2023ರಲ್ಲಿ ಹೇಳಿತು. ಇವೂ ಮಾಲೀಕನನ್ನು ಬೊಟ್ಟು ಮಾಡಿ ತೋರಿಸಬಲ್ಲವರಿಗೆ ಮಾತ್ರ.

ಹಾಗಾದರೆ ರಜೆ ಇರುವವರಾದರೂ ಒಂಬತ್ತನೇ ತಿಂಗಳಲ್ಲಿ ಮನೆಯಲ್ಲಿರುತ್ತಾರೆಯೆ? ಇಲ್ಲಿಯೇ ವಿಚಿತ್ರ ಇರುವುದು. ಶಾಲೆಯ ಶಿಕ್ಷಕಿ, ಬ್ಯಾಂಕಿನ ಗುಮಾಸ್ತೆ, ಆಸ್ಪತ್ರೆಯ ದಾದಿ ಇವರನ್ನು ಕೇಳಿ ನೋಡಿ. ಸರ್ಕಾರಿ ನೌಕರಿಯಲ್ಲಿ 180 ದಿನ, ಖಾಸಗಿಯಲ್ಲಿ 26 ವಾರ. ಎರಡೂ ಆರು ತಿಂಗಳು. ಕೂಸಿಗೆ ತಾಯಿಯ ಹಾಲು ಬಿಟ್ಟು ಬೇರೇನೂ ಕೊಡಬೇಡಿ ಎಂದು ವೈದ್ಯರು ಹೇಳುವುದೂ ಆರೇ ತಿಂಗಳು. ಎಂಟು ವಾರ ಮೊದಲೇ ಕಳೆದರೆ ಕೂಸಿಗೆ ಉಳಿಯುವುದು ಹದಿನೆಂಟು ವಾರ, ಅಂದರೆ ನಾಲ್ಕು ತಿಂಗಳ ಚಿಲ್ಲರೆ. ಆದ್ದರಿಂದ ಆಕೆ ತನ್ನ ನಡುನೋವು, ಬಾತುಹೋದ ಪಾದಗಳನ್ನು ಮರೆತು ಒಂದೊಂದು ದಿನವನ್ನೂ ಕೂಸಿನ ಹೆಸರಿಗೆ ಉಳಿಸುತ್ತಾಳೆ. ಬೇನೆ ಶುರುವಾಗುವ ಹಿಂದಿನ ದಿನದವರೆಗೆ ಬಸ್ಸು ಹತ್ತುತ್ತಾಳೆ. ಕೂಲಿಯವಳು ರಜೆಯೇ ಇಲ್ಲದ್ದಕ್ಕೆ ದುಡಿಯುತ್ತಾಳೆ, ಸಂಬಳದವಳು ರಜೆ ಉಳಿಸುವುದಕ್ಕೆ ದುಡಿಯುತ್ತಾಳೆ. ತುಂಬು ತಿಂಗಳಲ್ಲಿ ಇಬ್ಬರೂ ಕೆಲಸದ ಮೇಲೆಯೇ ಇರುತ್ತಾರೆ. ತಾಯಿಯ ವಿಶ್ರಾಂತಿಯನ್ನೂ ಕೂಸಿನ ಹಾಲನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟು, ನೀನೇ ಹಂಚಿಕೋ ಎಂದರೆ ಯಾವ ತಾಯಿ ತನ್ನ ಪಾಲು ತೆಗೆದುಕೊಂಡಾಳು? ಜರ್ಮನಿಯಲ್ಲಿ ಹೆರಿಗೆಗೆ ಮುಂಚಿನ ಆರು ವಾರ ಬೇರೆಯೇ, ನಂತರದ ಎಂಟು ವಾರ ಬೇರೆಯೇ. ಆಮೇಲೆ ಮಗುವನ್ನು ಸಾಕುವ ರಜೆಯ ಲೆಕ್ಕ ಮತ್ತೂ ಬೇರೆ. ಜಪಾನಿನಲ್ಲಿಯೂ ಮುಂಚೆ ಆರು, ನಂತರ ಎಂಟು. ನಮ್ಮಲ್ಲಿಯೂ ಕನಿಷ್ಠ ನಾಲ್ಕು ವಾರವನ್ನು, 26 ವಾರದಲ್ಲಿ ಕಳೆಯದೆ, ಪ್ರತ್ಯೇಕವಾಗಿ ಇಡಬೇಕು.

ಇದು ಹೊಸ ವಿಚಾರವೂ ಅಲ್ಲ. 1928ರಲ್ಲಿ ಮುಂಬೈ ಶಾಸನಸಭೆಯ ಮುಂದೆ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಗೆ ಮುಂಚೆಯೂ ತಾಯಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತ, ಆದ್ದರಿಂದ ಅದರ ಭಾರದ ದೊಡ್ಡ ಪಾಲನ್ನು ಸರ್ಕಾರ ಹೊರಬೇಕು ಎಂಬುದು ಅವರ ನಿಲುವಾಗಿತ್ತು. ಮರುವರ್ಷ ಮುಂಬೈ ಪ್ರಾಂತ್ಯದಲ್ಲಿ ಕಾಯ್ದೆ ಬಂತು. ಪಕ್ಕದ ವಿಜಯಪುರ ಆ ಪ್ರಾಂತ್ಯದಲ್ಲಿತ್ತು, ಕಲಬುರಗಿ ನಿಜಾಮರ ಹೈದರಾಬಾದಿನಲ್ಲಿತ್ತು. ಆ ಕಾಯ್ದೆ ಇಲ್ಲಿಗೆ ಬರಲಿಲ್ಲ. ಅಂಬೇಡ್ಕರರ ಮಾತಿನ ಎರಡನೇ ಅರ್ಧವನ್ನು, ಅಂದರೆ ಹಣ ಯಾರು ಕೊಡಬೇಕು ಎಂಬುದನ್ನು, ಮುಂದೆ ದೇಶವೇ ಮರೆಯಿತು. ಇಡೀ 26 ವಾರದ ವೇತನವನ್ನು ಮಾಲೀಕನ ಕಿಸೆಗೇ ಕಟ್ಟಿತು. ಹೀಗಾದರೆ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತಾರೆ ಎಂಬ ಆಕ್ಷೇಪ ಆಗಲೇ ಎದ್ದಿತು. ಅದರಲ್ಲಿ ಹುರುಳಿದೆ ಎಂದು ನಾನು ಒಪ್ಪುತ್ತೇನೆ. ಐದು ಮಂದಿ ಹೆಣ್ಣುಮಕ್ಕಳಿರುವ ಸಣ್ಣ ದಾಲ್‌ಮಿಲ್ಲಿನ ಒಡೆಯ ಆರು ತಿಂಗಳ ಸಂಬಳವನ್ನು ಎಲ್ಲಿಂದ ತರಬೇಕು? ಆದರೆ ಆಕ್ಷೇಪ ರಜೆಯ ಮೇಲಲ್ಲ, ಹಣ ಬರುವ ದಾರಿಯ ಮೇಲೆ. ಬೇರೆ ದಾರಿ ನಮ್ಮಲ್ಲಿಯೇ ಇದೆ. ಇಎಸ್‌ಐ ಎಂಬ ನೌಕರರ ವಿಮಾ ವ್ಯವಸ್ಥೆಯಲ್ಲಿ ಮಾಲೀಕ ವೇತನದ ಶೇಕಡ 3.25, ನೌಕರರು ಶೇಕಡ 0.75 ಕಟ್ಟುತ್ತಾರೆ, 26 ವಾರದ ವೇತನ ಆ ನಿಧಿಯಿಂದ ಬರುತ್ತದೆ. ಗಂಡಸರನ್ನು ಇಟ್ಟುಕೊಂಡವನೂ ಅಷ್ಟೇ ಕಟ್ಟುವುದರಿಂದ ಹೆಣ್ಣನ್ನು ದೂರವಿಟ್ಟು ಉಳಿಸುವುದು ಏನೂ ಇರುವುದಿಲ್ಲ. ಕಲಬುರಗಿಯಲ್ಲಿ ಇಎಸ್‌ಐನ ದೊಡ್ಡ ಆಸ್ಪತ್ರೆಯೂ ವೈದ್ಯಕೀಯ ಕಾಲೇಜೂ ಇವೆ. ತಿಂಗಳಿಗೆ 21,000 ರೂಪಾಯಿ ಮೀರದ ಸಂಬಳದವರಿಗಷ್ಟೇ ಇರುವ ಈ ದಾರಿಯನ್ನು ಮೇಲಕ್ಕೂ ಕೆಳಕ್ಕೂ ಅಗಲ ಮಾಡಬೇಕಾಗಿದೆ.

ಕೂಲಿಯವರಿಗೆ ಈಗ ಇರುವುದು ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ. 2013ರ ಆಹಾರ ಭದ್ರತಾ ಕಾಯ್ದೆ ಬೇರೆ ಹೆರಿಗೆ ಸೌಲಭ್ಯವಿಲ್ಲದ ಪ್ರತಿ ಗರ್ಭಿಣಿಗೂ ಕನಿಷ್ಠ 6,000 ರೂಪಾಯಿ ಎಂದಿತು. 2017ರಲ್ಲಿ ಬಂದ ಈ ಯೋಜನೆ ಮೊದಲ ಹೆರಿಗೆಗೆ 5,000 ಎಂದಿತು, ಆಮೇಲೆ ಎರಡನೆಯದು ಹೆಣ್ಣುಮಗುವಾದರೆ 6,000 ಸೇರಿಸಿತು. ಮೊತ್ತದ ಲೆಕ್ಕ ಹಾಕಿ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಐದು ಸಾವಿರವೆಂದರೆ ಹದಿಮೂರು–ಹದಿನಾಲ್ಕು ದಿನದ ಕೂಲಿ. ನೌಕರಿಯವಳಿಗೆ 182 ದಿನ, ಕೂಲಿಯವಳಿಗೆ ಎರಡು ವಾರ! ಅದಕ್ಕಿಂತ ಮುಖ್ಯ, ಆ ಹಣ ಬರುವ ಹೊತ್ತು. ಮೊದಲು ಮೂರು ಕಂತುಗಳಿದ್ದಾಗ ಎರಡನೆಯ ಕಂತು ಆರು ತಿಂಗಳು ತುಂಬಿದ ಮೇಲೆ ಸಿಗುವಂತಿತ್ತು. ಈಗಿನ ಎರಡು ಕಂತುಗಳಲ್ಲಿ ಒಂದು ಬಸುರಿನ ಮೊದಲ ಭಾಗದಲ್ಲಿ ಹೆಸರು ಬರೆಸಿ ತಪಾಸಣೆ ಮಾಡಿಸಿದ್ದಕ್ಕೆ, ಇನ್ನೊಂದು ಹುಟ್ಟಿದ ಮೇಲೆ ಲಸಿಕೆ ಹಾಕಿಸಿದ್ದಕ್ಕೆ. ಕೆಲಸ ಬಿಡಬೇಕಾದ ಎಂಟು, ಒಂಬತ್ತನೇ ತಿಂಗಳಿನಲ್ಲಿ ಖಾತೆಗೆ ಏನೂ ಬೀಳುವುದಿಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯ ತಾಯಿ ಲಕ್ಷ್ಮಿ ಬಾಂಡ್ ಕೂಡ ಹೆರಿಗೆಯ ನಂತರ ಅರ್ಜಿ ಹಾಕಿ ಪಡೆಯುವುದು. ಉದ್ಯೋಗ ಖಾತ್ರಿಯಲ್ಲಿ ಗರ್ಭಿಣಿಗೆ ಕೆಲಸದ ಪ್ರಮಾಣದಲ್ಲಿ ಅರ್ಧ ರಿಯಾಯಿತಿ ಇದೆ, ಆದರೆ ಕಾಮಗಾರಿಯ ಜಾಗಕ್ಕೆ ಬಿಸಿಲಲ್ಲಿ ನಡೆದುಬಂದವಳಿಗೆ ಮಾತ್ರ. ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರ ಇದೆಯಲ್ಲ ಎನ್ನಬಹುದು. ಅದು ಮನೆಯ ಯಜಮಾನಿಗೆ. ಕೂಡುಕುಟುಂಬದಲ್ಲಿ ಯಜಮಾನಿ ಅತ್ತೆ, ಬಸುರಿ ಸೊಸೆ. ನಾನು ಕೇಳುವುದು ಹೆರಿಗೆಗೆ ಮುಂಚಿನ ಎಂಟು ವಾರದ ಕೂಲಿ: ವಾರಕ್ಕೆ ಆರು ದಿನದಂತೆ 370ರ ದರದಲ್ಲಿ 17,760 ರೂಪಾಯಿ. ತಮಿಳುನಾಡಿನ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆರಿಗೆ ನೆರವು ಯೋಜನೆ ನಗದು ಮತ್ತು ಪೌಷ್ಟಿಕ ಕಿಟ್ ಸೇರಿಸಿ ಕೊಡುವುದು 18,000. ಅಂದರೆ ಕೇಳುತ್ತಿರುವ ಮೊತ್ತ ಆಕಾಶದಲ್ಲಿಲ್ಲ, ನೆರೆಯ ರಾಜ್ಯದ ಬಜೆಟ್ಟಿನಲ್ಲಿದೆ. ಗೃಹಲಕ್ಷ್ಮಿಯಲ್ಲಿ ಒಂದು ಮನೆಗೆ ವರ್ಷಕ್ಕೆ 24,000 ಕೊಡುವ ರಾಜ್ಯಕ್ಕೆ, ಹೆಣ್ಣೊಬ್ಬಳ ಜೀವಮಾನದಲ್ಲಿ ಎರಡು ಮೂರು ಸಲ ಮಾತ್ರ ಬರುವ ಈ ಖರ್ಚು ಹೊರಲಾರದ್ದೂ ಅಲ್ಲ.

ಇನ್ನು ಹಿರಿಯರ ಮಾತು. ನಮ್ಮ ಕಾಲದಲ್ಲಿ ಹೊಲದಲ್ಲೇ ಹೆತ್ತು ಕೂಸನ್ನು ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ಬರುತ್ತಿದ್ದರು ಎನ್ನುತ್ತಾರೆ. ಬಂದವರು ಬಂದರು, ಬಾರದವರ ಕಥೆ ಹೇಳುವವರು ಯಾರು? 1997-98ರಲ್ಲಿ ದೇಶದಲ್ಲಿ ಲಕ್ಷ ಜೀವಂತ ಜನನಕ್ಕೆ ಸುಮಾರು 398 ತಾಯಂದಿರು ಸಾಯುತ್ತಿದ್ದರು, 2018-20ರಲ್ಲಿ 97. ಕರ್ನಾಟಕದ್ದು 69, ಕೇರಳದ್ದು 19. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿರುವಾಗಲೂ ಈ ಅಂತರ ಉಳಿದಿದೆ ಎಂದರೆ, ಆಸ್ಪತ್ರೆಯ ಬಾಗಿಲಿಗೆ ಬರುವ ಹೊತ್ತಿಗೆ ತಾಯಿ ಯಾವ ಸ್ಥಿತಿಯಲ್ಲಿದ್ದಳು ಎಂದೂ ಕೇಳಬೇಕಾಗುತ್ತದೆ. ಮೈ ಬಗ್ಗಿಸಿ ದುಡಿದರೆ ಹೆರಿಗೆ ಸಲೀಸು ಎಂಬ ಇನ್ನೊಂದು ಮಾತಿದೆ. ಅರ್ಧ ನಿಜ. ತೊಂದರೆಯಿಲ್ಲದ ಬಸುರಿಗೆ ನಡಿಗೆ, ಹಗುರ ಮನೆಗೆಲಸ ಒಳ್ಳೆಯದೇ, ಮಂಚ ಹಿಡಿಯಬೇಕಾಗಿಲ್ಲ. ತಾನು ಬೇಕೆಂದಾಗ ನಿಲ್ಲಿಸಬಹುದಾದ ನಡಿಗೆಗೂ, ನಿಲ್ಲಿಸಿದರೆ ಆಳಿನ ಲೆಕ್ಕದಿಂದ ಹೊರಗಾಗುವ ಕೂಲಿಗೂ ಇರುವ ಅಂತರವನ್ನು ಈ ಮಾತು ಮುಚ್ಚಿಡುತ್ತದೆ. ಹಣ ಕೊಟ್ಟರೆ ಮಕ್ಕಳು ಹೆಚ್ಚುತ್ತಾರೆ ಎಂಬ ಭಯಕ್ಕೆ ಉತ್ತರ ಚಿಕ್ಕದು: ಕರ್ನಾಟಕದ ಫಲವತ್ತತೆಯ ದರ 1.7ಕ್ಕೆ ಇಳಿದಿದೆ. ಮೂರನೇ ಹೆರಿಗೆಗೆ ಕಾಯ್ದೆ 12 ವಾರ ಮಾತ್ರ ಕೊಡುತ್ತದೆ, ಮಾತೃ ವಂದನೆ ಏನೂ ಕೊಡುವುದಿಲ್ಲ. ಮೂರನೆಯ ಸಲ ರಕ್ತ ಇನ್ನೂ ತೆಳುವಾಗಿರುವ ತಾಯಿಗೇ ವಿಶ್ರಾಂತಿ ಕಡಿಮೆ. ಇನ್ನು, ಹಣ ಮನೆಯವರ ಕೈಸೇರಿ ಆಕೆ ಹೊಲಕ್ಕೆ ಹೋಗುವುದು ತಪ್ಪುವುದಿಲ್ಲ ಎಂಬ ಆಕ್ಷೇಪ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಕೆಲವು ಮನೆಗಳಲ್ಲಿ ಹಾಗೆ ಆಗಿಯೇ ತೀರುತ್ತದೆ. ಕೂಲಿ ಬಿಟ್ಟರೂ ನೀರು ಹೊರುವುದು, ರೊಟ್ಟಿ ಬಡಿಯುವುದು ಬಿಡುವುದಿಲ್ಲ. ಆದರೂ ತನ್ನ ಹೆಸರಿನ ಖಾತೆಗೆ, ಮನೆಯಲ್ಲಿ ಕೂತದ್ದಕ್ಕಾಗಿಯೇ ದುಡ್ಡು ಬಂದ ದಿನ, ಕೂತು ಉಣ್ಣುವವಳು ಎಂಬ ಮಾತಿಗೆ ಎದುರುತ್ತರ ಕೊಡಲು ಆಕೆಗೆ ಒಂದು ಆಧಾರ ಸಿಗುತ್ತದೆ. ಇವತ್ತು ಅದೂ ಇಲ್ಲ.

ಆ ವಾರಗಳು ಬರೀ ಮಲಗುವುದಕ್ಕಲ್ಲ. ಹೆರಿಗೆಗೆ ಅಣಿಯಾಗುವುದು ಒಂದು ಕೆಲಸವೇ, ಅದಕ್ಕೆ ಬಿಡುವು ಬೇಕು. ಪ್ರತಿ ತಿಂಗಳು ಒಂಬತ್ತನೇ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ. ಕಮಲಾಪುರದಿಂದ ಕಲಬುರಗಿಗೆ ಬರಲು ಈಗ ಬಸ್ ಚಾರ್ಜಿನ ಚಿಂತೆ ಇಲ್ಲ, ಶಕ್ತಿ ಯೋಜನೆ ಅದನ್ನು ತೀರಿಸಿದೆ. ಆದರೆ ಒಂದು ದಿನದ ಕೂಲಿಯನ್ನು ಯಾರೂ ತೀರಿಸಿಲ್ಲ. ಕೂಸು ಅಡ್ಡ ಇದೆಯೋ ನೆಟ್ಟಗಿದೆಯೋ, ರಕ್ತದೊತ್ತಡ 140/90 ಮುಟ್ಟಿದೆಯೋ, ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗಿದೆಯೋ ಎಂಬುದು ತಿಳಿದರೆ, ಹೆರಿಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಆಗಬಹುದೋ, ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೋ ರೋಜಾದ ಖಾಜಾ ಬಂದಾನವಾಜ್ ಆಸ್ಪತ್ರೆಗೋ ಹೋಗಬೇಕೋ ಎಂದು ಮೊದಲೇ ನಿರ್ಧರಿಸಬಹುದು. ರಾತ್ರಿ ಬೇನೆ ಬಂದರೆ 108ಕ್ಕೆ ಫೋನು ಮಾಡುವವರು ಯಾರು, ಅದು ತಡವಾದರೆ ಯಾರ ಗಾಡಿ, ರಕ್ತ ಬೇಕಾದರೆ ಯಾರು ಕೊಡುತ್ತಾರೆ, ದೊಡ್ಡ ಮಗುವನ್ನು ಯಾರ ಹತ್ತಿರ ಬಿಡುವುದು ಎಂಬುದನ್ನು ಕೂತು ಮಾತಾಡಿಕೊಳ್ಳಬೇಕು. ತಲೆ ಸಿಡಿಯುವಷ್ಟು ನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ರಕ್ತ ಅಥವಾ ನೀರು ಹೋಗುವುದು, ಕೂಸಿನ ಮಿಸುಕಾಟ ಕಡಿಮೆಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಹೊರಡಬೇಕು. ಮಿಸುಕಾಟ ಕಡಿಮೆಯಾದದ್ದು ತಿಳಿಯಬೇಕಾದರೆ ಮಾತ್ರ ತಾಯಿಗೆ ಒಂದು ಗಳಿಗೆ ಸುಮ್ಮನೆ ಕೂಡುವಷ್ಟು ಪುರಸೊತ್ತು ಬೇಕು. ತೊಗರಿ ಸಾಲಿನಲ್ಲಿ ಕುಡುಗೋಲು ಹಿಡಿದವಳಿಗೆ ಅದು ತಿಳಿಯುವುದು ಹೇಗೆ?

ಇದಕ್ಕೆಲ್ಲ ದೊಡ್ಡ ಕಾಯ್ದೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ತಾಯಿ ಕಾರ್ಡಿನಲ್ಲಿ ಹೆರಿಗೆಯ ಅಂದಾಜು ದಿನಾಂಕವನ್ನು ಬರೆದೇ ಇರುತ್ತಾರೆ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿಯೂ ಅದು ಇದೆ, ಇಲಾಖೆಯ ಕಂಪ್ಯೂಟರಿನಲ್ಲಿಯೂ ಇದೆ. ಆ ದಿನಾಂಕದಿಂದ ಎಂಟು ವಾರ ಹಿಂದಕ್ಕೆ ಎಣಿಸಿ, ರಾಜ್ಯ ಸರ್ಕಾರ ತನ್ನ ಪಾಲಿನ ಹಣ ಸೇರಿಸಿ, ಅವತ್ತಿನಿಂದ ವಾರವಾರ ಕೂಲಿ ಜಮಾ ಮಾಡಬಹುದು. ಕೂಸು ಮೊದಲೇ ಹುಟ್ಟಿದರೆ ಉಳಿದ ವಾರಗಳ ಹಣ ಬಾಣಂತನಕ್ಕೆ ಸೇರಲಿ, ಎಣಿಸಿದ್ದಕ್ಕಿಂತ ತಡವಾದರೆ ಒಂದು ವಾರದ್ದು ಹೆಚ್ಚು ಬರಲಿ. ಗುಳೆ ಹೋದವರಿಗೂ, ಖಾತೆ ತಮ್ಮ ಹೆಸರಿನಲ್ಲೇ ಇದ್ದರೆ, ಪುಣೆಯಲ್ಲಿದ್ದರೂ ಬೆಂಗಳೂರಿನಲ್ಲಿದ್ದರೂ ಹಣ ಅಲ್ಲಿಗೇ ತಲುಪುತ್ತದೆ. ಮೊದಲು ಕಮಲಾಪುರದಂಥ ಒಂದೆರಡು ತಾಲ್ಲೂಕಿನಲ್ಲಿ, ಒಂದು ತೊಗರಿ ಸುಗ್ಗಿಯ ಮಟ್ಟಿಗೆ ಇದನ್ನು ಮಾಡಿ, ಅಲ್ಲಿ ಹುಟ್ಟುವ ಕೂಸುಗಳ ತೂಕವನ್ನು ಹಿಂದಿನ ಸುಗ್ಗಿಯ ತೂಕದೊಂದಿಗೆ ಹೋಲಿಸಿ ನೋಡಲಿ. ಎರಡೂ ಅಂಕಿ ಆರೋಗ್ಯ ಇಲಾಖೆಯ ಬಳಿಯೇ ಇರುತ್ತವೆ.